ಇಪ್ಪತ್ತು ದಿನದೊಳಗಿನ ಸಂತೆ

ಶಿಗ್ಗಾಂವಿ
೧೪ ಜನವರಿ ೧೯೪೩, ಸಂಕ್ರಮಣ

ತೀರ್ಥರೂಪ ಅಪ್ಪನಿಗೆ ಪ್ರಹ್ಲಾದನ ನಮಸ್ಕಾರಗಳು.

ಪುಣೆಯ ಕಾನೂನು ಕಾಲೇಜು ಬಿಟ್ಟು ನಾನು ಮೋಟಾರಿನ ಹಿಂದೆ ಹೋದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ನಾಲ್ಕು ವರ್ಷವಾಯಿತು. ಎಳ್ಳು ಬೆಲ್ಲ ಕೊಟ್ಟು ಒಳ್ಳೆಯ ಮಾತಾಡುವ ಹಬ್ಬದ ದಿನವೇ ಇಂಥ ಸುದ್ದಿ ಬರೆಯಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ. ಆದರೆ ಹತ್ತು ಬಾಯಿ ದಾಟಿ ಹಾನಗಲ್ಲು ಮುಟ್ಟುವ ಮೊದಲು ನಾನೇ ಹೇಳುವುದು ಒಳ್ಳೆಯದು.

ಮೊನ್ನೆ ಬಂಕಾಪುರದ ಸಂತೆಯ ಸಂಜೆ ನಾನು ನಡೆಸುತ್ತಿದ್ದ ಬಸ್ಸು ವೀಳ್ಯದೆಲೆ ಮಾರುವವರ ಸಾಲಿಗೆ ನುಗ್ಗಿತು. ಅಲ್ಲಿ ಕೂತಿದ್ದ ಅಡಿವೆವ್ವ ಎಂಬ ಹೆಂಗಸಿನ ಎಡಗಾಲಿಗೆ ಪೆಟ್ಟಾಗಿದೆ. ನುಗ್ಗಿತು ಎಂದು ಬರೆದೆ, ನುಗ್ಗಿಸಿದವನು ನಾನು. ಮಧ್ಯಾಹ್ನ ತಡಸದಲ್ಲಿ ಒಬ್ಬ ಗುತ್ತಿಗೆದಾರನ ಮನೆಯಲ್ಲಿ ಊಟವಿತ್ತು. ಊಟಕ್ಕೆ ಮೊದಲೂ ಸಾರಾಯಿ ಇತ್ತು, ಆಮೇಲೂ ಇತ್ತು. ಯುದ್ಧದ ದೆಸೆಯಿಂದ ಪೆಟ್ರೋಲ್ ಸಿಗದೆ ನಮ್ಮ ಬಸ್ಸು ಈಗ ಇದ್ದಲಿಯ ಗ್ಯಾಸಿನ ಮೇಲೆ ಓಡುತ್ತದೆ. ಹಿಂದೆ ಕಟ್ಟಿದ ಒಲೆಯ ಬೆಂಕಿ ನೋಡಿಕೊಳ್ಳುವವನು ಬಂಕಾಪುರದ ಉಸ್ಮಾನಸಾಬ. ಅವನು ಬಾಗಿಲಿಗೆ ಅಡ್ಡ ನಿಂತು, "ಇವತ್ತ ನೀವು ಹಿಡೀಬ್ಯಾಡ್ರಿ ರಾಯ್ರ, ಗಾಡಿ ಇಲ್ಲೇ ಇರಲಿ" ಎಂದ. ನಾನು ಅವನನ್ನು ಪಕ್ಕಕ್ಕೆ ತಳ್ಳಿ ಹತ್ತಿದೆ.

ಎಲುಬು ಮುರಿದಿಲ್ಲ, ಮಾಂಸ ಹರಿದಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ನನ್ನ ಬಾಯಿಯ ವಾಸನೆಯನ್ನೂ ಬರೆದುಕೊಂಡಿದ್ದಾರೆ. ಮಾಲೀಕರು ಜಾಮೀನು ನಿಂತು ಬಿಡಿಸಿದ್ದಾರೆ. ಇದ್ದಲಿಯ ಹೊಗೆ ತಲೆಗೇರಿತ್ತು ಅಂತ ಹೇಳು ಎಂದು ಕಲಿಸುತ್ತಿದ್ದಾರೆ. ಏನು ಶಿಕ್ಷೆಯಾದೀತು ಅಪ್ಪ? ಹೆದರಿಕೆಯಾಗುತ್ತಿದೆ. ಮಗನಾಗಿ ಕೇಳಲು ಮುಖವಿಲ್ಲ, ವಕೀಲರನ್ನು ಕೇಳುವಂತೆ ಕೇಳುತ್ತಿದ್ದೇನೆ. ಅವ್ವನಿಗೆ ಹೇಳಬೇಡಿ.

ನಿಮ್ಮ
ಪ್ರಹ್ಲಾದ


ಹಾನಗಲ್ಲ
೧೭ ಜನವರಿ ೧೯೪೩

ಶಿಗ್ಗಾಂವಿಯ ಡ್ರೈವರ್ ಪ್ರಹ್ಲಾದ ಅವರಿಗೆ,

ವಕೀಲನನ್ನು ಕೇಳಿದ್ದೀರಿ, ವಕೀಲನೇ ಉತ್ತರ ಬರೆಯುತ್ತಿದ್ದಾನೆ. ಪುಣೆಯಲ್ಲಿ ಇನ್ನೊಂದು ವರ್ಷ ಕೂತಿದ್ದರೆ ಇದನ್ನೆಲ್ಲ ನೀವೇ ಓದಿ ತಿಳಿಯುತ್ತಿದ್ದಿರಿ, ಅಂಚೆಯ ಖರ್ಚಾದರೂ ಉಳಿಯುತ್ತಿತ್ತು.

ಕುಡಿದು ಮೋಟಾರು ನಡೆಸಿ, ಯಾರಿಗೂ ಏನೂ ಆಗದಿದ್ದರೆ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಐದುನೂರು ರೂಪಾಯಿಯವರೆಗೆ ದಂಡ. ಎರಡನ್ನೂ ಕೊಡಬಹುದು. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಸಜೆ ಎರಡು ವರ್ಷದವರೆಗೆ ಏರುತ್ತದೆ. ಇದು ಬರೀ ಕುಡಿತದ ಮಾತು. ಪೆಟ್ಟಾದರೆ ಪೆಟ್ಟಿನ ಕಲಮು ಬೇರೆ. ಸಾದಾ ಪೆಟ್ಟಿಗೆ ಆರು ತಿಂಗಳು, ಭಾರಿ ಪೆಟ್ಟಿಗೆ ಎರಡು ವರ್ಷ. ಆ ಹೆಂಗಸು ಸತ್ತರೂ ಪುಸ್ತಕದಲ್ಲಿ ಎರಡೇ ವರ್ಷ. ಆದರೆ ಪುಸ್ತಕ ಬರೆದದ್ದು ಮೇಲಿನ ಮಿತಿ ಮಾತ್ರ. ಅದರೊಳಗೆ ಎಷ್ಟು ಕೊಡಬೇಕೆಂದು ಯೋಚಿಸುವ ಮ್ಯಾಜಿಸ್ಟ್ರೇಟರಿಗೆ ಸತ್ತವರ ಮಕ್ಕಳ ಮುಖ ಕಾಣುತ್ತಿರುತ್ತದೆ.

ಸಾದಾ ಯಾವುದು, ಭಾರಿ ಯಾವುದು ಎಂದು ನೋವು ತಿಂದವರನ್ನು ಕೇಳುವ ಪದ್ಧತಿ ಇಲ್ಲ. ಎಲುಬು ಮುರಿದರೆ ಭಾರಿ. ಮುರಿಯದಿದ್ದರೂ ಇಪ್ಪತ್ತು ದಿನ ತನ್ನ ಎಂದಿನ ಕೆಲಸಕ್ಕೆ ಹೋಗಲಾಗದೆ ಬಿದ್ದುಕೊಂಡರೆ ಭಾರಿ. ಅದಕ್ಕೂ ಮೊದಲೇ ಎದ್ದು ಕೆಲಸಕ್ಕೆ ಹೋದರೆ ಸಾದಾ. ನಿಮ್ಮ ಪಾಲಿಗೆ ಇದೊಂದೇ ಈಗ ತೀರ್ಮಾನವಾಗಬೇಕಾದದ್ದು.

ಇದ್ದಲಿಯ ಹೊಗೆಯ ಮಾತು ಬಿಡಿ. ಹೊಗೆಗೆ ಸಾರಾಯಿಯ ವಾಸನೆ ಬರುವುದಿಲ್ಲ. ಈ ಮೊದಲು ಇಂಥದೇ ಗುನ್ಹೆ ಏನಾದರೂ ಇದೆಯೇ? ವೈದ್ಯರ ಮುಂದೆ, ವಕೀಲರ ಮುಂದೆ ಸುಳ್ಳು ಹೇಳಬಾರದು.

ನಿಮ್ಮ ತಾಯಿಗೆ ನಾನು ಏನೂ ಹೇಳಲಿಲ್ಲ. ಆದರೆ ಬರೆದದ್ದನ್ನು ಲಕೋಟೆಗೆ ಹಾಕುವ ಮೊದಲು ಗಟ್ಟಿಯಾಗಿ ಓದುವುದು ನನ್ನ ಹಳೆಯ ಚಾಳಿ. ಮೇಲೆ ಬರೆದದ್ದನ್ನೂ ಓದಿದೆ, ಆಕೆ ಅಡಿಗೆಮನೆಯಿಂದ ಕೇಳಿಸಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಹೊಸ್ತಿಲಿಗೆ ಬಂದು ನಿಂತು, "ಇಪ್ಪತ್ತು ದಿನ ಯಾವತ್ತಿಗೆ ತುಂಬತಾವ?" ಎಂದು ಕೇಳಿದಳು.

ವಾದಿರಾಜ
ವಕೀಲ, ಹಾನಗಲ್ಲ


ಶಿಗ್ಗಾಂವಿ
೨೧ ಜನವರಿ ೧೯೪೩

ತೀರ್ಥರೂಪ ಅಪ್ಪನಿಗೆ,

ನೀವು ನನ್ನನ್ನು ಬಹುವಚನದಲ್ಲಿ ಕರೆದದ್ದು ಮ್ಯಾಜಿಸ್ಟ್ರೇಟರ ಶಿಕ್ಷೆಗಿಂತ ಮೊದಲೇ ಬಂದ ಶಿಕ್ಷೆ. ಇರಲಿ, ಅದಕ್ಕೆ ತಕ್ಕವನೇ ನಾನು.

ಕೇಳಿದಿರಿ, ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ಹಿರೇಕೆರೂರಿನ ಹತ್ತಿರ ಒಂದು ಸಲ ಹೀಗೆಯೇ ಕುಡಿದು ಬಸ್ಸನ್ನು ಹೊಲದ ಬದುವಿಗೆ ಹತ್ತಿಸಿದ್ದೆ. ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲಿನ ಜಮಾದಾರರು ಒಂದು ಹಗಲು ಚಾವಡಿಯಲ್ಲಿ ಕೂರಿಸಿ, ಬೈದು, ಏನೂ ಬರೆದುಕೊಳ್ಳದೆ ಬಿಟ್ಟರು. ಹಾಗಾಗಿ ಕಾಗದದ ಮೇಲೆ ಇದೇ ನನ್ನ ಮೊದಲ ತಪ್ಪು. ಅಂದು ಅವರು ಬಿಟ್ಟಾಗ ಎಷ್ಟು ಸಂತೋಷವಾಗಿತ್ತೆಂದರೆ, ಆ ಸಂತೋಷಕ್ಕೂ ಕುಡಿದಿದ್ದೆ.

ಅವ್ವ ಮೊನ್ನೆ ಬಂಕಾಪುರಕ್ಕೆ ಬಂದಿದ್ದಾಳೆ, ಗೋಪಿಕಾಬಾಯಿ ಚಿಕ್ಕಮ್ಮನ ಮನೆಯಲ್ಲಿ ಇಳಿದಿದ್ದಾಳೆ. ನನಗೆ ಒಂದು ಮಾತೂ ಬೈಯಲಿಲ್ಲ. "ಆ ಹೆಣ್ಣುಮಗಳ ಮನಿ ತೋರಿಸು" ಎಂದಳು. ಕರೆದುಕೊಂಡು ಹೋದೆ. ಅಡಿವೆವ್ವನಿಗೆ ಯಾರೂ ಇಲ್ಲ. ಸವಣೂರಿನ ತೋಟಗಳಿಂದ ಎಲೆ ತಂದು, ಒದ್ದೆ ಅರಿವೆಯಲ್ಲಿ ಸುತ್ತಿ, ಸಂತೆಯಿಂದ ಸಂತೆಗೆ ಬದುಕುವ ಹೆಂಗಸು. ನನ್ನನ್ನು ಕಂಡು ಶಪಿಸುತ್ತಾಳೆ ಅಂದುಕೊಂಡಿದ್ದೆ. "ಎಲಿ ಎಲ್ಲಾ ತುಳದ ಹೋದೂವಲ್ಲೋ ತಮ್ಮಾ, ಚಲೋ ಅಂಬಾಡಿ ಎಲಿ ಇದ್ದೂ" ಎಂದಳು ಅಷ್ಟೇ. ನಾನು ಹೊರಗೆ ಬಂದೆ.

ಪ್ರಹ್ಲಾದ


ಬಂಕಾಪುರ
೨೫ ಜನವರಿ ೧೯೪೩

ಹಾನಗಲ್ಲಿನ ನಮ್ಮ ಮನೆಯವರಿಗೆ ಯಮುನಾಬಾಯಿಯ ನಮಸ್ಕಾರಗಳು.

ತುಳಸಿಗೆ ನೀರು ಹಾಕುತ್ತಿದ್ದೀರಿ ತಾನೆ? ನೆಲುವಿನ ಮೇಲೆ ಚಟ್ನಿಪುಡಿ ಇದೆ, ನಿಮಗೆ ಕಾಣುವುದಿಲ್ಲ, ಬಲಗಡೆಗೆ ನೋಡಿರಿ.

ಅಡಿವೆವ್ವ ಬಹಳ ಒಳ್ಳೆಯವಳು. ದಿನಾಲು ಎರಡು ಹೊತ್ತು ಹೋಗಿ ಗಾಯ ತೊಳೆದು ಅರಿಸಿನ ಹಚ್ಚುತ್ತೇನೆ, ಗಂಜಿ ಮಾಡಿ ಕುಡಿಸುತ್ತೇನೆ. ಅಲ್ಲಿಂದ ಬಂದ ಮೇಲೆ ತಲೆಗೆ ನೀರು ಹಾಕಿಕೊಂಡೇ ಒಳಗೆ ಬಾ ಎನ್ನುತ್ತಾಳೆ ಗೋಪಿಕಾ. ಹಾಕಿಕೊಳ್ಳುತ್ತೇನೆ. ಥಂಡಿ ಬಹಳ ಇದೆ.

ನೀವು ಗಟ್ಟಿಯಾಗಿ ಓದಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಾಳೆ ಸಂತೆ. ಇದು ತಪ್ಪಿದರೆ ಮುಂದಿನ ಸಂತೆಗೆ ನಿಮ್ಮ ಇಪ್ಪತ್ತು ದಿನ ದಾಟಿ ಹೋಗುತ್ತದೆ. ಎಲೆ ಮಾರುವವಳಿಗೆ ಎಂದಿನ ಕೆಲಸವೆಂದರೆ ಸಂತೆಯಲ್ಲಿ ಕೂರುವುದು ತಾನೆ? ಗಾಯದ ಬಾಯಿ ಕೂಡಿದ ಹಾಗೆ ಕಾಣುತ್ತದೆ. ನಿನ್ನೆ ನನ್ನ ಭುಜ ಹಿಡಿದು ಎದ್ದು ನಿಂತಳು. ಮುಖದ ಮೇಲೆ ಬೆವರು ಒಡೆಯಿತು, ಆದರೆ ನಿಂತಳು.

ನಾನು ಮುಚ್ಚಿಟ್ಟು ಕೇಳಲಿಲ್ಲ. "ನೀನು ನಾಳೆ ಸಂತ್ಯಾಗ ಕೂತ್ರ ನನ್ನ ಮಗನ ಶಿಕ್ಷಾ ಕಡಿಮಿ ಆಗ್ತದವ್ವಾ" ಎಂದು ಇದ್ದದ್ದನ್ನು ಹೇಳಿಯೇ ಕೇಳಿದೆ. ಕಾಲಿನ ಪಟ್ಟಿ ಸರಿಮಾಡಿಕೊಂಡಳು. ಆಮೇಲೆ, "ನೀವು ಇಷ್ಟ ಮಾಡೀರಿ. ನಾನು ಒಂದೊಪ್ಪತ್ತು ಕುಂದ್ರಾಕ ಆಗಂಗಿಲ್ಲೇನ್ರಿ ಅಮ್ಮಾರ?" ಎಂದಳು. ಪ್ರಹ್ಲಾದ ಚಕ್ಕಡಿ ತರುತ್ತಾನೆ. ಸವಣೂರಿನ ಎಲೆ ತರಿಸಿಟ್ಟಿದ್ದೇನೆ. ಗುರುರಾಯರು ನಮ್ಮ ಕಡೆ ಕಣ್ಣು ತೆರೆದರು ಅನ್ನಿಸುತ್ತದೆ. ನೀವು ಮಗನಿಗೆ ಒಂದು ಸಲ ನೀನು ಎಂದು ಬರೆಯಿರಿ.

ಯಮುನಾ


ಬಂಕಾಪುರ
೩೧ ಜನವರಿ ೧೯೪೩

ವಕೀಲ ಸಾಹೇಬರಿಗೆ ಉಸ್ಮಾನಸಾಬನ ಸಲಾಮು.

ನನಗ ಬರಿಯಾಕ ಬರಂಗಿಲ್ರಿ. ಸಾಲಿ ಮಾಸ್ತರು ನಾನು ಹೇಳಿದ್ದನ್ನ ಹೇಳಿದಂಗ ಬರಿಯಾಕತ್ತಾರ. ಬಾಯಾರ ಕಡಿಂದ ಕಾಗದ ಬರಲಿಲ್ಲಂತ ನಿಮಗ ಕಾಳಜಿ ಹತ್ತಿರತೈತಿ. ಅವರು ಅಡಿವೆವ್ವನ ಜೋಡಿ ಧಾರವಾಡದ ದವಾಖಾನಿಗೆ ಹೋಗ್ಯಾರ. ನಿಮ್ಮ ಮಗಾನೂ ಹೋಗ್ಯಾರ.

ಸಂತಿ ದಿನ ಮುಂಜಾನೆ ಚಕ್ಕಡ್ಯಾಗ ಆಕೀನ್ನ ತಂದು ಎಲಿ ಸಾಲಿನ್ಯಾಗ ಗೋಣಿತಾಟು ಹಾಸಿ ಕುಂದ್ರಿಸಿದ್ರು. ಬಾಯಾರು ಹವಾಲದಾರನ್ನ ಕರದು, "ಅಡಿವೆವ್ವನ ಕಡೆ ನೂರು ಎಲಿ ತಗೋರಿ" ಅಂದ್ರು. ನೋಡಿದಾಂವ ನಾಳೆ ಸಾಕ್ಷಿ ಆಗ್ಲಿ ಅಂತರಿ. ಅಡಿವೆವ್ವ ನಕ್ಕೋಂತನ ಎಣಿಸಿ ಕೊಟ್ಳು. ಬಿಸಲ ಏರಿತು, ಎಲಿಗೆ ನೀರ ಹೊಡೀಬೇಕಾಗಿತ್ತು. ನಾನು ತರ್ತೇನಿ ಕುಂದ್ರವಾ ಅಂದೆ. "ಬ್ಯಾಡೋ ಯಣ್ಣಾ, ಹವಾಲದಾರ ನೋಡಾಕತ್ತಾನ. ಇವತ್ತ ನಾನ ಅಡ್ಡಾಡಬೇಕು, ಅಮ್ಮಾರಿಗೆ ಮಾತ ಕೊಟ್ಟೇನಿ" ಅಂತ ಕೊಡ ಹಿಡದು ಎದ್ದಳು. ನಾಕು ಹೆಜ್ಜಿ ನಡದ್ಳು ಸಾಹೇಬರ. ಆ ಕಾಲ ಮಡಚಿ ಬಿತ್ತು. ಗಾಯ ಪೂರಾ ಬಿಚ್ಚಿ, ಸಂತಿ ರಾಡಿ, ದನದ ಸಗಣಿ ಎಲ್ಲಾ ಅದರಾಗ ಹೋತು. ಎರಡ ದಿನದಾಗ ಕಾಲ ಬಾತು ಕರ್ರಗಾತು.

ಅವತ್ತ ತಡಸದಾಗ ಬಾಗಲಿಗೆ ಅಡ್ಡ ನಿಂತಿದ್ದೆ. ಸಂತ್ಯಾಗೂ ಅಡ್ಡ ನಿಂದರಬೇಕಾಗಿತ್ತು. ತಾಯಿ ಜೀವ ಹಂಗ ಕೇಳಾಕತ್ತಾಗ ಯಾರು ಅಡ್ಡ ನಿಂದರತಾರ್ರಿ?

ಗಾಡಿ ಹತ್ತೂ ಮುಂದ ಬಾಯಾರು ನಿಮಗ ಒಂದ ಮಾತ ಹೇಳಿ ಕಳಿಸ್ಯಾರ. "ಇಪ್ಪತ್ತ ದಿನಾ ಎಣಿಸಿದಾಕಿ ನಾನು, ಬಿದ್ದಾಕಿ ಅಕಿ" ಅಂತ. ಇದ್ದಂಗ ಬರೀರಿ ಮಾಸ್ತರ ಅಂದೇನಿ.

ಉಸ್ಮಾನಸಾಬನ ಹೆಬ್ಬೆಟ್ಟು


ಹಾನಗಲ್ಲ
೨೧ ಫೆಬ್ರವರಿ ೧೯೪೩

ಚಿರಂಜೀವಿ ಪ್ರಹ್ಲಾದನಿಗೆ,

ಧಾರವಾಡದಿಂದ ನಿನ್ನೆ ಬಂದೆ. ನೀನು ಶಿಗ್ಗಾಂವಿಗೆ ಹೊರಟ ಮೇಲೆ ಅಡಿವೆವ್ವನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಜೀವಕ್ಕೆ ಭಯವಿಲ್ಲ ಎಂದರು. ನಿನ್ನ ತಾಯಿ ಆಸ್ಪತ್ರೆಯ ಪಡಸಾಲೆ ಬಿಟ್ಟು ಏಳುತ್ತಿಲ್ಲ. ನನ್ನ ಜೊತೆ ಮಾತಾಡಿದ್ದೂ ಕಡಿಮೆ.

ಆಕೆಯ ಕಾಗದ ನನ್ನ ಕೈ ಸೇರಿದ್ದು ಸಂತೆಯ ಮರುದಿನ. ಮೊದಲೇ ಸೇರಿದ್ದರೆ ತಡೆಯುತ್ತಿದ್ದೆನೇ ಎಂದು ನನ್ನನ್ನೇ ಪಾಟೀಸವಾಲು ಮಾಡಿದೆ. ತಡೆಯುತ್ತಿದ್ದೆ ಎಂದು ಎದೆ ಮುಟ್ಟಿ ಹೇಳಲಾರೆ. ಕಾಗದ ಓದಿದ ಕ್ಷಣ ನನಗೂ ಜಾಣತನ ಅನ್ನಿಸಿತ್ತು. ಉಪಾಯ ಬಲ್ಲವನಿಗೆ ಅಪಾಯವಿಲ್ಲ ಎನ್ನುತ್ತಾರಲ್ಲ, ನಮ್ಮ ಉಪಾಯದ ಅಪಾಯ ಇನ್ನೊಬ್ಬಳ ಕಾಲಿಗೆ ಬಂತು.

ಈಗ ವಕೀಲನ ಮಾತು ಕೇಳು. ಪೆಟ್ಟು ಭಾರಿಯಾಯಿತು ಎಂದು ಸರಕಾರದವರು ಎರಡು ವರ್ಷದ ಕಲಮು ಹಾಕುತ್ತಾರೆ. ಆದರೆ ನಮಗೊಂದು ದಾರಿ ತೆರೆದಿದೆ. ಹದಿನಾಲ್ಕನೆಯ ದಿನ ಅಡಿವೆವ್ವ ಸಂತೆಗೆ ಬಂದು ಎಲೆ ಮಾರಿದ್ದನ್ನು ಹವಾಲದಾರನೇ ನೋಡಿದ್ದಾನೆ. ಅಂದಮೇಲೆ ನಿನ್ನ ಬಸ್ಸು ಮಾಡಿದ್ದು ಸಾದಾ ಪೆಟ್ಟು, ಕಾಲು ಹೋದದ್ದು ಆಮೇಲೆ ಆಕೆ ತಾನಾಗಿ ಎದ್ದು ಬಿದ್ದದ್ದರಿಂದ. ಮೂವತ್ತು ವರ್ಷದ ವಕೀಲಿಯಲ್ಲಿ ಇಷ್ಟು ಗಟ್ಟಿಯಾದ ವಾದ ನನ್ನ ಕೈಗೆ ಹೆಚ್ಚು ಸಲ ಬಂದಿಲ್ಲ. ದಂಡ ಕಟ್ಟಿ ನೀನು ಮನೆಗೆ ಬರಬಹುದು.

ಅದಕ್ಕೆ ಅಡಿವೆವ್ವನನ್ನು ಕಟಕಟೆಯಲ್ಲಿ ನಿಲ್ಲಿಸಿ, ಒಂದೇ ಕಾಲ ಮೇಲೆ ನಿಲ್ಲಿಸಿ, ಸಂತೆಗೆ ಯಾಕೆ ಹೋದೆ ಎಂದು ನಾನು ಕೇಳಬೇಕು. ಆಸ್ಪತ್ರೆಯಲ್ಲಿ ಈ ಮಾತೆತ್ತಿದೆ. ಆಕೆ, "ನಾನ ಎದ್ದ ಹೋದ್ನಿ ಅಂತ ಹೇಳ್ತೇನಿ ಬಿಡ್ರಿ, ಅಮ್ಮಾರ ಹೆಸರ ಬರಂಗಿಲ್ಲ" ಎಂದಳು. ನಿನ್ನ ತಾಯಿ ಎದ್ದು ಹೊರಗೆ ಹೋದಳು.

ವಾದ ಬರೆದಿಟ್ಟಿದ್ದೇನೆ. ಈ ಸಲ ಗಟ್ಟಿಯಾಗಿ ಓದದೆ ಮಡಚಿ ಪೆಟ್ಟಿಗೆಯಲ್ಲಿಟ್ಟೆ. ನೀನು ಹೂಂ ಎಂದರೆ ಕೋರ್ಟಿನಲ್ಲಿ ಓದುತ್ತೇನೆ. ನೀನು ನನ್ನ ಮಗ, ಎರಡು ವರ್ಷ ಜೇಲಿನಲ್ಲಿ ನಿನ್ನನ್ನು ನೆನೆಯಲು ನನಗೆ ಧೈರ್ಯವಿಲ್ಲ. ಯೋಚಿಸಿ ಬರೆ.

ನಿನ್ನ ಅಪ್ಪ
ವಾದಿರಾಜ


ಶಿಗ್ಗಾಂವಿ
೨೬ ಫೆಬ್ರವರಿ ೧೯೪೩

ಅಪ್ಪ,

ಆ ವಾದ ಹರಿದುಹಾಕಿ.

ಚಕ್ಕಡಿ ತಂದವನು ನಾನು. ಯಾಕೆ ತರಬೇಕೆಂದು ಗೊತ್ತಿದ್ದೇ ತಂದೆ. ಅಡಿವೆವ್ವನನ್ನು ಎತ್ತಿ ಕೂರಿಸುವಾಗ ಆಕೆಯ ಕಾಲು ಬೆಂಕಿಯಂತೆ ಬಿಸಿಯಾಗಿತ್ತು. ಕೈಗೆ ತಾಗಿತು, ಸುಮ್ಮನಿದ್ದೆ. ಅವ್ವನಿಗೆ ಇದನ್ನು ಹೇಳಿಲ್ಲ. ಬಸ್ಸು ನುಗ್ಗಿಸಿದಾಗ ನಾನು ಕುಡಿದಿದ್ದೆ, ಅಂದು ಕುಡಿದಿರಲಿಲ್ಲ.

ನಿಮ್ಮ ಪುಸ್ತಕದ ಮೆಟ್ಟಿಲುಗಳನ್ನು ಬಹಳ ಸಲ ಹತ್ತಿ ಇಳಿದೆ. ಹಿರೇಕೆರೂರಿನಲ್ಲಿ ಯಾರಿಗೂ ಪೆಟ್ಟಾಗಲಿಲ್ಲ, ಬಂಕಾಪುರದಲ್ಲಿ ಆಯಿತು. ನಾನು ಕುಡಿದದ್ದು ಎರಡೂ ಸಲ ಅಷ್ಟೇ. ಬದುವಿನ ಜಾಗದಲ್ಲಿ ಅಂದು ಯಾರಾದರೂ ಕೂತಿದ್ದರೆ ಎಂದು ಒಂದು ದಿನವಾದರೂ ನಾನು ಯೋಚಿಸಿದ್ದರೆ ಅಡಿವೆವ್ವ ಇವತ್ತು ಎರಡು ಕಾಲ ಮೇಲೆ ಇರುತ್ತಿದ್ದಳು. ಆಕೆಯನ್ನು ಯಾರೂ ಏನೂ ಕೇಳಬಾರದು. ಗುನ್ಹೆ ಕಬೂಲು ಮಾಡುತ್ತೇನೆ, ಹಿರೇಕೆರೂರಿನದನ್ನೂ ಹೇಳುತ್ತೇನೆ. ಬರೆದಿರದಿದ್ದರೆ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎನ್ನುತ್ತೀರಿ, ಗೊತ್ತು. ತೆಗೆದುಕೊಳ್ಳದಿದ್ದರೆ ಬೇಡ.

ನೀವು ಕೋರ್ಟಿಗೆ ಬನ್ನಿ. ಕರಿ ಕೋಟು ಹಾಕಿಕೊಳ್ಳದೆ ಬನ್ನಿ.

ನಿಮ್ಮ ಮಗ
ಪ್ರಹ್ಲಾದ


ಹಾನಗಲ್ಲ
೧೪ ಅಕ್ಟೋಬರ್ ೧೯೪೩

ಚಿರಂಜೀವಿ ಪ್ರಹ್ಲಾದನಿಗೆ ಧಾರವಾಡದ ಜೇಲಿಗೆ,

ನಿನ್ನ ಕಾಗದ ಬಂತು. ಬೀಸುಕಲ್ಲಿನ ಕೆಲಸದಿಂದ ತೆಗೆದು ಕೈತೋಟಕ್ಕೆ ಹಾಕಿದ್ದಾರೆಂದು ಓದಿ ಸಮಾಧಾನವಾಯಿತು. ಒಂದು ವರ್ಷದ ಸಜೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆಯಿತು. ಲೈಸನ್ಸು ಮಾತ್ರ ಹೋಯಿತು, ಅದಕ್ಕೆ ನನಗೆ ದುಃಖವಿಲ್ಲ, ಸುಳ್ಳೇಕೆ ಹೇಳಲಿ.

ಅವ್ವ ಯಾಕೆ ಬರೆಯುವುದಿಲ್ಲ ಎಂದು ಕೇಳಿದ್ದೀ. ಬರೆಯುವುದನ್ನು ನನಗೆ ಬಿಟ್ಟಿದ್ದಾಳೆ. ಆಕೆ ಪ್ರತಿ ಸಂತೆಗೆ ಬಂಕಾಪುರಕ್ಕೆ ಹೋಗುತ್ತಾಳೆ. ನಿನ್ನ ಬಸ್ಸಿನಲ್ಲೇ. ಈಗ ಹಜರತಅಲಿ ಎಂಬವನು ನಡೆಸುತ್ತಾನೆ. ಉಸ್ಮಾನಸಾಬ ಒಲೆಯ ಹೊಗೆ ತಾಗದ ಮುಂದಿನ ಸೀಟನ್ನು ಆಕೆಗೆ ಹಿಡಿದಿಟ್ಟಿರುತ್ತಾನೆ. ಅಲ್ಲಿ ಅಡಿವೆವ್ವನ ಪಕ್ಕ ಎಲೆ ಸಾಲಿನಲ್ಲಿ ಕೂರುತ್ತಾಳೆ. ವಕೀಲರ ಹೆಂಡತಿ ಎಲೆ ಮಾರುತ್ತಾಳೆ ಎಂದು ಮಠದ ಅಂಗಳದಲ್ಲಿ ಮಾತಾಗಿದೆ. ಗೋಪಿಕಾಬಾಯಿ, ತಲೆಗೆ ಎಷ್ಟು ನೀರು ಹಾಕಿಕೊಂಡರೂ ಒಳಗೆ ಬರಬೇಡ ಎಂದಳಂತೆ. ನಾನೂ ಮೊದಮೊದಲು ಕೂಗಾಡಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಉಪದೇಶ ಮಾಡಿದೆ. ನನ್ನ ತಟ್ಟೆಗೆ ಅನ್ನ ಬಡಿಸಿ, ಚೀಲ ತೆಗೆದುಕೊಂಡು ಬಸ್ಸಿಗೆ ಹೋದಳು.

ಮೊನ್ನೆಯ ಸಂತೆಗೆ ನಾನೂ ಹೋದೆ. ಬೇವಿನ ಮರದ ಕೆಳಗೆ ನಿಂತು ನೋಡಿದೆ. ಅಡಿವೆವ್ವ ಗೋಣಿತಾಟಿನ ಮೇಲೆ, ಇದ್ದ ಕಾಲನ್ನು ಚಾಚಿ ಕೂತಿದ್ದಳು. ನಿನ್ನ ತಾಯಿ ಬಾವಿಯಿಂದ ಕೊಡ ಹೊತ್ತು ತಂದು ಎಲೆಗೆ ನೀರು ಹೊಡೆದಳು, ಅರಿವೆ ಹಿಂಡಿ ಹೊದಿಸಿದಳು, ಕೊಳೆತ ಎಲೆ ಆರಿಸಿದಳು. ಗಿರಾಕಿ ಬಂದರೆ ಮಾತ್ರ ಪಕ್ಕಕ್ಕೆ ಸರಿಯುತ್ತಾಳೆ. ಎಲೆ ಎಣಿಸಿ ಕೊಡುವುದೆಲ್ಲ ಅಡಿವೆವ್ವ. "ಒಂದ ಕಟ್ಟ ಎಣಿಸ್ರಿ ಅಮ್ಮಾರ, ಕೈ ಸೋತೈತಿ" ಎಂದು ಅಡಿವೆವ್ವ ಒಮ್ಮೆ ಹೇಳಿದ್ದು ನನಗೆ ಕೇಳಿಸಿತು. "ಎಣಿಸೂದೊಂದ ಹೇಳಬ್ಯಾಡವ್ವಾ" ಎಂದಳು ನಿನ್ನ ತಾಯಿ.

ಸಂಜೆ ಒಂದೇ ಬಸ್ಸಿನಲ್ಲಿ ಬಂದೆವು. ಬಹಳ ದಿನಗಳ ಮೇಲೆ ನನ್ನ ಪಕ್ಕ ಕೂತಿದ್ದಳು. ಕೈಬೆರಳುಗಳೆಲ್ಲ ನೀರಿನಲ್ಲಿ ನೆನೆದು ಬಿಳಿಚಿದ್ದವು. ನಾನು ವಕೀಲ ನೋಡು, ಎಲ್ಲದಕ್ಕೂ ಒಂದು ಮುದ್ದತು ಇರಬೇಕು ಎನ್ನುವವನು. ತಡೆಯಲಾರದೆ ಕೇಳಿಬಿಟ್ಟೆ.

"ಪ್ರಹ್ಲಾದನ ಶಿಕ್ಷಾ ಮಾರ್ಚಿಗೆ ಮುಗೀತದ. ನಿಂದು ಎಲ್ಲೀತನಕ?"

ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ತಿರುಗದೆಯೇ ಹೇಳಿದಳು:

"ಅಕಿ ಎದ್ದು ನೀರು ತರೋತನಕ."

ನಿನ್ನ
ಅಪ್ಪ